ಕಣಜದ ಕೊಳವೆಯಲ್ಲಿ ಒಂದು ತಪಾಸಣೆ

ನನ್ನ ಗಂಡನಿಗೆ ಬೆನ್ನೆಲುಬಿಲ್ಲ. ಇದು ದೂರಲ್ಲ, ನಲವತ್ತಮೂರು ವರ್ಷ ಒಂದೇ ಸೂರಿನಡಿ ಇದ್ದು, ನೋಡಿ, ಪರೀಕ್ಷಿಸಿ ಬರೆದಿಟ್ಟ ಫಲಿತಾಂಶ. ಅವರ ಶಬ್ದಭಂಡಾರದಲ್ಲಿ ಇರುವುದು ಒಂದೇ ಪದ: "ಆಗಲಿ." ಹಲ್ಲಿನ ಡಾಕ್ಟರಾಗಿದ್ದ ಕಾಲದಲ್ಲಿ ರೋಗಿ ಕುರ್ಚಿಯಲ್ಲಿ ಕೂತು "ಇವತ್ತು ಕೀಳೋದು ಬೇಡ ಡಾಕ್ಟ್ರೇ" ಎಂದರೆ "ಆಗಲಿ" ಎಂದು ಮನೆಗೆ ಕಳುಹಿಸುತ್ತಿದ್ದರು. ಕೆಲವರು ಅದೇ ಹಲ್ಲು ಹೊತ್ತುಕೊಂಡು ಹನ್ನೆರಡು ವರ್ಷ ಬಂದುಹೋದರು. ಮನೆ ಬಾಗಿಲಿಗೆ ಬರುವ ಮಾರಾಟಗಾರರಿಗೂ ಅದೇ ಉತ್ತರ. ನಮ್ಮಲ್ಲಿ ಮೂರು ಧೂಳು ಹೀರುವ ಯಂತ್ರಗಳಿವೆ. ಮೂರನೆಯದನ್ನು ಮೊದಲೆರಡರ ಮೇಲಿನ ಧೂಳು ತೆಗೆಯಲು ಬಳಸುತ್ತೇವೆ.

ಇಂಥ ಸಂಸಾರದಲ್ಲಿ ಯಾರಾದರೊಬ್ಬರು ನಿರ್ಧಾರ ತೆಗೆದುಕೊಳ್ಳಬೇಕಲ್ಲ! ನಾನು ತೆಗೆದುಕೊಂಡೆ. ಪೇಟೆಯ ಬಾಡಿಗೆ ಮನೆ ಬಿಡುವುದು, ಊರಾಚೆ ಖಾಲಿ ಬಿದ್ದಿದ್ದ ಇನ್ನೂರು ವರ್ಷದ ಕಣಜವೊಂದನ್ನು ಮನೆ ಮಾಡಿಕೊಂಡು ಉಳಿದ ಆಯುಷ್ಯವನ್ನು ಅಲ್ಲೇ ಕಳೆಯುವುದು. "ಆಗಲಿ" ಎಂದರು ಗಂಡ.

ಕಣಜವೆಂದರೆ ಗುಡಿಸಲಲ್ಲ. ಎರಡು ಮೊಳ ದಪ್ಪದ ಕಲ್ಲುಗೋಡೆ, ಎರಡು ಅಂತಸ್ತು, ಗಾಡಿ ಸಮೇತ ಒಳಗೆ ಬರಬಹುದಾದ ಬಾಗಿಲು. ಮೇಲಿನ ಅಂತಸ್ತಿನಲ್ಲಿ ಕಾಳು ತುಂಬಿಸಿ, ನೆಲದಲ್ಲಿ ಕೊರೆದ ಚೌಕದಿಂದ ಒಂದು ಓರೆಯಾದ ಮರದ ಕೊಳವೆಯ ಮೂಲಕ ಕೆಳಗೆ ನಿಂತ ಗಾಡಿಗೆ ಇಳಿಸುತ್ತಿದ್ದರಂತೆ. ಈಗ ಮೇಲಿನದು ನಮ್ಮ ಮಲಗುವ ಕೋಣೆ, ಕೆಳಗಿನದು ಅಡುಗೆಮನೆ. ಕೊಳವೆ ಮಾತ್ರ ಇದ್ದಲ್ಲೇ ಇದೆ. ಇರಲೇಬೇಕು. ಹಳೆಯ ಕಟ್ಟಡಗಳನ್ನು ಕಾಯುವ ಕಚೇರಿಯವರು ವಾಸಕ್ಕೆ ಒಪ್ಪಿಗೆ ಕೊಡುವಾಗ ಮೂರು ಷರತ್ತು ಹಾಕಿದ್ದರು: ಬಾಗಿಲು ಮೂಲದ್ದೇ ಇರಬೇಕು, ನಡುತೊಲೆ ಮೂಲದ್ದೇ ಇರಬೇಕು, ಕೊಳವೆ ಮುಚ್ಚಿರಬಾರದು, ತುಂಬಿರಬಾರದು, ಕೆಲಸಕ್ಕೆ ಬರುವ ಸ್ಥಿತಿಯಲ್ಲಿರಬೇಕು. ನಮಗೆ ಸಿಕ್ಕಿದ್ದು ತಾತ್ಕಾಲಿಕ ಒಪ್ಪಿಗೆ. ಅಧಿಕಾರಿ ಬಂದು ನೋಡಿ ಸಹಿ ಹಾಕಿದರೆ ಕಾಯಂ. ಹಾಕದಿದ್ದರೆ ತಿಂಗಳ ಕೊನೆಗೆ ಜಾಗ ಖಾಲಿ ಮಾಡಬೇಕು. ಪೇಟೆಯ ಮನೆಯಲ್ಲಿ ಆಗಲೇ ಬೇರೊಂದು ಸಂಸಾರ ಒಲೆ ಹಚ್ಚಿತ್ತು. ಅಂದರೆ ಎಪ್ಪತ್ತು ದಾಟಿದ ಇಬ್ಬರು, ಮೂರು ಧೂಳು ಹೀರುವ ಯಂತ್ರಗಳ ಸಮೇತ, ಬೀದಿಯಲ್ಲಿ.

ಆರ್ಕಿಟೆಕ್ಟ್ ಕೊಳವೆಯ ಬಾಯಿಗೆ ಕಬ್ಬಿಣದ ಜಾಲರಿ ಹಾಕೋಣ ಎಂದ. ನಾನು ಅವನನ್ನು ಹಿಂದಿನ ಬೆಂಚಿನವರನ್ನು ನೋಡುವಂತೆ ನೋಡಿದೆ.

"ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಕಲಿಸಿದ್ದೀನಪ್ಪ. ಇಳಿಜಾರು, ತೂಕ, ಘರ್ಷಣೆ, ಈ ಮೂರೂ ನನ್ನ ಹತ್ತಿರ ಆಟ ಆಡೋದಿಲ್ಲ."

ಅಷ್ಟಕ್ಕೇ ನಿಲ್ಲಲಿಲ್ಲ. ಕೊಳವೆಯನ್ನು ಸುಮ್ಮನೆ ನೋಡುತ್ತ ಕೂರುವುದು ನನ್ನ ಸ್ವಭಾವವಲ್ಲ. ಕೊಳೆಬಟ್ಟೆಯನ್ನು ಮೇಲಿನಿಂದ ಬಿಟ್ಟರೆ ಕೆಳಗೆ ಬಟ್ಟೆ ಒಗೆಯುವ ಯಂತ್ರದ ಮುಂದೆ ಬೀಳಬೇಕು: ಇದು ನನ್ನ ಯೋಜನೆ. ಬಡಗಿಯನ್ನು ಕರೆಸಿ ಕೊಳವೆಯ ಒಳಗೆ ಮೇಣ ತಿಕ್ಕಿಸಿದೆ. ಆಮೇಲೆ ಒಂದು ಕರವಸ್ತ್ರ ಬಿಟ್ಟು ನೋಡಿದೆ. ಸಲೀಸಾಗಿ ಇಳಿಯಿತು. ಪ್ರಯೋಗ ಯಶಸ್ವಿ ಎಂದು ಘೋಷಿಸಿದೆ. ಒಂದೇ ಅಳತೆ ತೆಗೆದುಕೊಂಡು ತೀರ್ಮಾನಕ್ಕೆ ಬಂದ ವಿದ್ಯಾರ್ಥಿಗಳನ್ನು ನಾನು ಸೊನ್ನೆ ಕೊಟ್ಟು ಕಳುಹಿಸುತ್ತಿದ್ದೆ ಎಂಬುದು ಆಗ ನೆನಪಾಗಲಿಲ್ಲ.

ತಪಾಸಣೆಯ ದಿನ ಅಧಿಕಾರಿ ಹನ್ನೊಂದು ಗಂಟೆಗೆ ಬರುವುದೆಂದು ನಿಗದಿಯಾಗಿತ್ತು. ಹತ್ತೂವರೆಗೆ ಮಲಗುವ ಕೋಣೆ ಚೊಕ್ಕ ಮಾಡುವಾಗ, ನಾಲ್ಕು ಹಾಸಿಗೆ ಹೊದಿಕೆ, ಎರಡು ಟವೆಲ್ಲು, ಒಂದು ರಜಾಯಿ ಇಷ್ಟನ್ನೂ ಒಟ್ಟಿಗೆ ಕೊಳವೆಗೆ ಬಿಟ್ಟೆ. ದಡಕ್ ಎಂದಿತು. ಆಮೇಲೆ ಏನೂ ಅನ್ನಲಿಲ್ಲ.

ಬಗ್ಗಿ ನೋಡಿದೆ. ರಜಾಯಿ ನಡುದಾರಿಯಲ್ಲಿ ಕೂತಿತ್ತು. 'ತುಂಬಿರಬಾರದು' ಎಂಬ ಷರತ್ತು ಕಣ್ಣೆದುರು ಬಂತು. ಪೊರಕೆಯ ಹಿಡಿಯಿಂದ ತಿವಿದೆ, ಜಗ್ಗಲಿಲ್ಲ. ಹೆಚ್ಚು ಬಲ ಬೇಕಿತ್ತು. ಕೈಗಿಂತ ಕಾಲಿನಲ್ಲಿ ಬಲ ಹೆಚ್ಚು, ಇದನ್ನು ಯಾವ ಪಠ್ಯಪುಸ್ತಕವೂ ಅಲ್ಲಗಳೆಯುವುದಿಲ್ಲ. ಕೊಳವೆಯ ಅಂಚಿನಲ್ಲಿ ಕೂತು ಎರಡೂ ಕಾಲು ಇಳಿಬಿಟ್ಟು ಒದ್ದೆ.

ರಜಾಯಿ ಸ್ವಲ್ಪ ಸರಿಯಿತು. ನಾನು ಬಹಳ ಸರಿದೆ.

ಬಡಗಿ ಒಳ್ಳೆಯ ಕೆಲಸಗಾರ. ಮೇಣ ಎಲ್ಲಿಯೂ ಬಿಟ್ಟಿರಲಿಲ್ಲ. ಹಿಡಿದುಕೊಳ್ಳಲು ಒಂದು ಗೀರೂ ಸಿಗದಂತೆ ಜಾರಿ ರಜಾಯಿಯ ಮೇಲೆ ಹೋಗಿ ನಿಂತೆ. ಕೊಳವೆ ಕೆಳಕ್ಕೆ ಹೋದಂತೆ ಕಿರಿದಾಗುತ್ತದೆ. ಅದರ ಅಗಲವನ್ನು ಎಲ್ಲೆಲ್ಲಿ ಎಷ್ಟೆಂದು ಅಳೆದು ಬರೆದಿಟ್ಟಿದ್ದೆ. ನನ್ನದನ್ನು ಅಳೆದಿರಲಿಲ್ಲ.

"ರೀ!"

"ಏನು?" ಎಂದು ಅಡುಗೆಮನೆಯಿಂದ ಗಂಡನ ದನಿ ಬಂತು. ಕಿವಿಯೊಳಗೇ ಮಾತಾಡಿದಷ್ಟು ಸ್ಪಷ್ಟ.

"ಮೇಲೆ ನೋಡಿ."

"ನೋಡ್ತಿದೀನಿ. ಜೇಡರ ಬಲೆ ಇದೆ."

"ಕೊಳವೆ ಒಳಗೆ ನೋಡೀಂದ್ರೆ!"

"ಹೊದಿಕೆ ಕಾಣ್ತಿದೆ."

"ಅದರ ಮೇಲೆ ನಾನಿದ್ದೀನಿ."

"ಪ್ರೊಫೆಸರೇ, ಬೇಕಂತಲೇ ಇದ್ದೀಯಾ?"

ಅವರದು ತಪ್ಪಲ್ಲ. ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಬೇಕೆಂದೇ ಮಾಡಿದ್ದು. ಉತ್ತರ ಕೊಡುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಸರ್ಕಾರಿ ನೌಕರ, ಹೇಳಿದ ಸಮಯಕ್ಕಿಂತ ಕಾಲು ಗಂಟೆ ಮೊದಲು! ಇಂಥದ್ದು ನನ್ನ ಬಾಳಿನಲ್ಲಿ ಒಂದೇ ಸಲ ಆಗಬೇಕಿತ್ತು, ಅದೂ ಅವತ್ತೇ ಆಗಬೇಕಿತ್ತು.

"ಅವರಿಗೆ ಹೇಳ್ಬೇಡಿ. ನಾನು ಹೊರಗೆ ಹೋಗಿದ್ದೀನಿ ಅನ್ನಿ. ಕೊಳವೆ ಹತ್ರ ಬಿಡಬೇಡಿ."

"ಆಗಲಿ."

ಅಧಿಕಾರಿಯ ಬೂಟಿನ ಸದ್ದು ಒಳಗೆ ಬಂತು. ಏರಿಳಿತವಿಲ್ಲದ ದನಿ. ಮೂವತ್ತೊಂದು ಕಾಲಂಗಳ ಅರ್ಜಿಯನ್ನು ದಿನವೂ ತುಂಬುವವರಿಗೆ ಅಂಥ ದನಿ ಬರುತ್ತದೆ.

"ಮೇಡಂ ಇಲ್ವಾ ಸರ್?"

"ಹೊರಗೆ ಹೋಗಿದ್ದಾರೆ."

"ಯಾವಾಗ ಬರ್ತಾರೆ?"

"ಅದು ಘರ್ಷಣೆ ಮೇಲೆ ನಿಂತಿದೆ."

ಅಧಿಕಾರಿ ಅದನ್ನು ಎರಡನೆಯ ಸಲ ಕೇಳಲಿಲ್ಲ. ಬಾಗಿಲಿನಿಂದ ತಪಾಸಣೆ ಶುರುವಾಯಿತು.

"ಬಾಗಿಲು ಹೊಸದು ಅನ್ಸುತ್ತಲ್ಲ ಸರ್?"

"ಅನ್ಸುತ್ತೆ ಸರ್."

"ಹಳೇದನ್ನ ಕಿತ್ತು ಹಾಕಿದ್ರಾ?"

"ಹಾಕಿರಬಹುದು."

ಕೊಳವೆಯೊಳಗೆ ನನ್ನ ರಕ್ತ ಕುದಿಯಿತು. ಅದು ಇನ್ನೂರು ವರ್ಷದ ಬಾಗಿಲು. ಅದರ ಮೇಲೆ ಪದರಪದರವಾಗಿ ಕೂತಿದ್ದ ಮಸಿಯನ್ನೂ ಎಣ್ಣೆಯನ್ನೂ ಹತ್ತೊಂಬತ್ತು ದಿನ ನನ್ನ ಕೈಯಾರೆ ಕೆರೆದದ್ದಕ್ಕೆ ಹೊಸದಾಗಿ ಕಾಣುತ್ತಿದೆ. ಆ ಹತ್ತೊಂಬತ್ತು ದಿನವೂ ಈ ಮನುಷ್ಯ ಪಕ್ಕದಲ್ಲಿ ನಿಂತು ಬಕೆಟ್ ಹಿಡಿದಿದ್ದರು! ಪೆನ್ನು ಕಾಗದದ ಮೇಲೆ ಕೊರೆಯುವ ಸದ್ದು ಕೇಳಿಸಿತು. ಮೊದಲನೆಯ ಷರತ್ತು ಹೋಯಿತು.

"ಈ ನಡುತೊಲೆ? ಇದನ್ನೂ ಬದಲಾಯಿಸಿದ ಹಾಗಿದೆ."

"ನೀವು ಹೇಳಿದ ಮೇಲೆ ಇರುತ್ತೆ ಸರ್."

ಸುಮ್ಮನಿದ್ದರೆ ಮನೆ ಹೋಗುತ್ತದೆ. ಮಾತಾಡಿದರೆ ಮಾನ ಹೋಗುತ್ತದೆ. ಮಾನಕ್ಕೆ ಸೂರಿಲ್ಲ, ಮನೆಗಿದೆ. ಬಾಯಿ ಬಿಟ್ಟೆ.

"ತೊಲೆ ಮೂಲದ್ದೇ! ಬಲಗಡೆ ಮೂರು ಕಡೆ ಕೊಡಲಿ ಏಟಿನ ಗುರುತಿದೆ, ನೋಡಿ! ಈಗಿನ ತೊಲೆಗೆ ಯಾರು ಕೊಡಲಿ ಹಾಕ್ತಾರೆ?"

ಕೊಳವೆಯಲ್ಲಿ ನನ್ನ ದನಿ ನೂರು ಪಾಲು ದೊಡ್ಡದಾಗಿ ಹೊರಟಿರಬೇಕು. ಕೆಳಗೆ ಏನೋ ನೆಲಕ್ಕೆ ಬಿತ್ತು. ಅರ್ಜಿ ಸಿಕ್ಕಿಸಿಕೊಂಡಿದ್ದ ರಟ್ಟು ಎಂದು ಆಮೇಲೆ ತಿಳಿಯಿತು.

"ಯಾರು ಸರ್ ಅದು?"

"ನನ್ನ ಹೆಂಡತಿ."

"ಎಲ್ಲಿದ್ದಾರೆ?"

"ಕೊಳವೆಯಲ್ಲಿ."

"ಯಾಕೆ?"

"ಕೇಳಿದೆ ಸರ್. ಹೇಳಲಿಲ್ಲ."

ಅಧಿಕಾರಿ ಕೊಳವೆಯ ಕೆಳಗೆ ಬಂದು ನಿಂತ. "ಮೇಡಂ, ಹೊರಗೆ ಹೋಗಿದ್ದೀರಿ ಅಂದ್ರಲ್ಲ?"

"ಹೋಗೋ ದಾರಿಯಲ್ಲಿದ್ದೀನಿ. ನೀವು ಬಾಗಿಲ ವಿಷಯ ತಪ್ಪು ಬರ್ಕೊಂಡಿದ್ದೀರಿ. ಅಳಿಸಿ. ಎಡಗಡೆ ತಿರುಗಣಿ ಸವೆದಿದೆ, ಕೈಯಾಡಿಸಿ ನೋಡಿ."

ಬೂಟಿನ ಸದ್ದು ಬಾಗಿಲಿಗೆ ಹೋಗಿ ವಾಪಸು ಬಂತು. "ಸವೆದಿದೆ."

"ಮೊಳೆಗಳ ತಲೆ ಚೌಕ, ದುಂಡಗಿಲ್ಲ."

"ಹೌದು."

"ಮತ್ತೆ ಹೊಸದು ಅಂತ ಹೇಗೆ ಬರೆದ್ರಿ?"

"ಸರ್ ಹೇಳಿದ್ರು."

"ನೀವು 'ನಾನು ಹೆಂಗಸು' ಅಂದ್ರೂ ಅವರು ಒಪ್ಕೋತಾರೆ. ಮುಂದಿನ ಪ್ರಶ್ನೆ ಕೇಳಿ."

ಮೂವತ್ತನಾಲ್ಕು ವರ್ಷ ಮೌಖಿಕ ಪರೀಕ್ಷೆ ನಡೆಸಿದವಳು ನಾನು. ಕಾಲು ಕೆಳಗೆ, ಕೈ ಮೇಲೆ, ಮೂಗಿನ ತುದಿಗೆ ಮೇಣ, ಈ ಭಂಗಿಯಲ್ಲಿ ಪರೀಕ್ಷೆ ಕೊಟ್ಟಿದ್ದು ಮಾತ್ರ ಅದೇ ಮೊದಲು. ಇಪ್ಪತ್ತೊಂಬತ್ತು ಕಾಲಂ ಪಾಸಾದೆ. ಮೂವತ್ತನೆಯದು ಬಂತು.

"ಕೊಳವೆ. ಇದರಲ್ಲಿ ಈಗ ಏನೇನಿದೆ ಮೇಡಂ?"

"ನಾಲ್ಕು ಹಾಸಿಗೆ ಹೊದಿಕೆ, ಎರಡು ಟವೆಲ್, ಒಂದು ರಜಾಯಿ."

"ಮತ್ತೆ?"

"ಒಬ್ಬರು ಪ್ರೊಫೆಸರ್."

"ನಿವೃತ್ತ," ಎಂದರು ಗಂಡ.

ಅಧಿಕಾರಿ ಅದನ್ನೂ ಬರೆದುಕೊಂಡ. "ಹಾಗಾದ್ರೆ ತುಂಬಿದೆ ಅಂತ ಬರೀಬೇಕಾಗುತ್ತೆ. ಇಲ್ಲಾಂದ್ರೆ ಅಗ್ನಿಶಾಮಕದವರನ್ನ ಕರೆಸಿ, ಹಲಗೆ ಸೀಳಿ ನಿಮ್ಮನ್ನ ತೆಗೆಸಬಹುದು. ಆಗ ಹಾನಿಯಾಗಿದೆ ಅಂತ ಬರೀಬೇಕಾಗುತ್ತೆ."

"ಎರಡರಲ್ಲಿ ಯಾವುದಕ್ಕೆ ಒಪ್ಪಿಗೆ ಸಿಗುತ್ತೆ?"

"ಯಾವುದಕ್ಕೂ ಸಿಗಲ್ಲ."

"ಹಲಗೆ ಮುಟ್ಟಬೇಡಿ. ನಾನು ಸಣ್ಣಗಾಗೋವರೆಗೂ ಇಲ್ಲೇ ಇರ್ತೀನಿ."

"ಕೊಳವೆಯಲ್ಲಿ ವಾಸಕ್ಕೆ ಬೇರೆ ಅರ್ಜಿ ಇದೆಯೋ ಇಲ್ವೋ, ಕಚೇರಿಯಲ್ಲಿ ಕೇಳಬೇಕು ಮೇಡಂ."

ಅವನು ತಮಾಷೆ ಮಾಡುತ್ತಿರಲಿಲ್ಲ. ಗಂಡ "ಆಗ..." ಎಂದು ಅರ್ಧಕ್ಕೇ ನಿಂತರು. ಎರಡೂ ಕಡೆಯವರ ಮಾತನ್ನು ಒಟ್ಟಿಗೆ ಒಪ್ಪಿಕೊಳ್ಳಬೇಕಾಗಿ ಬಂದಾಗ ಅವರಿಗೆ ಹೀಗೆ ಮಾತು ನಿಂತುಹೋಗುತ್ತದೆ.

ಆಗ ಅಧಿಕಾರಿ, ಕೊಳವೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದವನು, ತಟ್ಟನೆ ನಿಂತ.

"ಈ ಹಿಡಿಗೆ ಸೌಟು ಯಾಕೆ ತೂಗುಹಾಕಿದ್ದೀರಿ?"

"ಅದು ಸೌಟು ತೂಗುಹಾಕೋ ಗೂಟ," ಎಂದೆ. ಕೊಳವೆಯ ಕೆಳತುದಿಯ ಪಕ್ಕದಲ್ಲಿ ಹೊರಚಾಚಿದ ಆ ಮರದ ಗೂಟವನ್ನು ಬಂದವರಿಗೆಲ್ಲ ತೋರಿಸಿ, ಹಿಂದಿನವರ ಸೌಂದರ್ಯಪ್ರಜ್ಞೆಯ ಬಗ್ಗೆ ನಾಲ್ಕು ಮಾತು ಹೇಳುವುದು ನನ್ನ ಪದ್ಧತಿಯಾಗಿತ್ತು.

"ಕಣಜದಲ್ಲಿ ಯಾರು ಅಡುಗೆ ಮಾಡ್ತಾರೆ ಮೇಡಂ? ಇದು ತಡೆಹಲಗೆ ಹಿಡಿ. ಕಾಳು ಬೇಕಾದಾಗ ಎಳೀತಿದ್ರು, ಸಾಕಾದಾಗ ತಳ್ತಿದ್ರು. ಅರ್ಧ ಮುಚ್ಚಿದೆ. ನೀವು ಅದರ ಮೇಲೆ ಕೂತಿದ್ದೀರಿ."

ಮೂವತ್ತನಾಲ್ಕು ವರ್ಷದ ಭೌತಶಾಸ್ತ್ರ ಒಂದು ಸೌಟಿನ ಹಿಂದೆ ಅಡಗಿ ಕೂತಿತ್ತು!

ಸೌಟುಗಳನ್ನು ಒಂದೊಂದಾಗಿ ತೆಗೆದಿಡುವ ಸದ್ದು. ಐದು ಸೌಟು, ಒಂದು ಜರಡಿ. ಆಮೇಲೆ ಹಾಸಿಗೆಯೊಂದನ್ನು ಎಳೆದು ತಂದು ಹಾಸಿದ ಸದ್ದು.

"ಎಳೀಲಾ ಮೇಡಂ?"

"ತಡೀರಿ. ಇಳಿಯೋ ವೇಗ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿ..."

ಲೆಕ್ಕ ಮುಗಿಯಲಿಲ್ಲ. ಹೊದಿಕೆಗಳು ಹೋದವು, ಟವೆಲ್ಲುಗಳು ಹೋದವು, ರಜಾಯಿ ಹೋಯಿತು, ಅದರ ಬೆನ್ನಿಗೆ ನಾನು ಹೋದೆ. ಒಂದೂವರೆ ಸೆಕೆಂಡು. ಇದನ್ನು ಆಮೇಲೆ ಕೂತು ಲೆಕ್ಕ ಹಾಕಿದ್ದು. ಆಗ ಅಷ್ಟು ವ್ಯವಧಾನವಿರಲಿಲ್ಲ. ಅಧಿಕಾರಿಯ ಬೂಟಿನ ಬುಡದಲ್ಲಿ, ಬಟ್ಟೆರಾಶಿಯ ನಡುವೆ ಹೋಗಿ ಕೂತೆ. ಕನ್ನಡಕ ಮೂಗಿನ ಮೇಲೆಯೇ ಇತ್ತು. ಉಳಿದದ್ದೊಂದೂ ಇದ್ದಲ್ಲಿರಲಿಲ್ಲ.

ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು, ಕೊಳವೆಗೆ ಟಾರ್ಚ್ ಬಿಟ್ಟು ನೋಡಿ, ಬರೆಯುತ್ತಲೇ ಓದಿದ: "ಮೂಲ ರೂಪದಲ್ಲಿದೆ. ತೆರೆದಿದೆ. ಕೆಲಸ ಮಾಡುತ್ತದೆ. ನನ್ನ ಸಮಕ್ಷಮ ಪರೀಕ್ಷಿಸಲಾಗಿದೆ." ಪೆನ್ನು ಒಂದು ಕ್ಷಣ ನಿಂತಿತು. "ಯಾವ ಧಾನ್ಯ ಅಂತ ಒಂದು ಕಾಲಂ ಇದೆ. ಖಾಲಿ ಬಿಟ್ಟಿರ್ತೀನಿ ಮೇಡಂ."

ಸಹಿ ಹಾಕಿ, ಮೊಹರು ಒತ್ತಿ, ಹೊರಟುಹೋದ. ಮನೆ ನಮ್ಮದಾಯಿತು.

ಊಟವಾದ ಮೇಲೆ ನಾನು ವಿಷಯವನ್ನು ಶಾಂತವಾಗಿ ವಿಶ್ಲೇಷಿಸಿದೆ. ತಪ್ಪು ತಡೆಹಲಗೆಯದು, ಸಿದ್ಧಾಂತದ್ದಲ್ಲ. ಹಲಗೆ ಪೂರ್ತಿ ಎಳೆದಿಟ್ಟರೆ ಬಟ್ಟೆಯ ಯೋಜನೆಗೆ ಯಾವ ಅಡ್ಡಿಯೂ ಇಲ್ಲ. ಉಳಿದ ಕೊಳೆಬಟ್ಟೆಯನ್ನು ಈಗಲೇ ಬಿಟ್ಟು ನೋಡೋಣ ಎಂದು ಗಂಡನಿಗೆ ಹೇಳಿದೆ. "ಆಗಲಿ" ಬರಲಿಲ್ಲ. ಅವರು ಅಡುಗೆಮನೆಯಲ್ಲಿರಲೂ ಇಲ್ಲ. ಮೇಲಿನಿಂದ ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದು ಬರುತ್ತಿತ್ತು.

ಹತ್ತಿ ಹೋದೆ. ತಮಗಿಂತ ಎರಡು ಪಾಲು ತೂಕದ ತಮ್ಮ ಕಬ್ಬಿಣದ ಮಂಚವನ್ನು ಗೇಣುಗೇಣಾಗಿ ಎಳೆಯುತ್ತಿದ್ದರು. ಕಿಟಕಿಯ ಪಕ್ಕದಿಂದ ಹೊರಟದ್ದು ಕೊಳವೆಯ ಬಾಯಿಯ ಮೇಲೆ ಬಂದು ನಿಂತಿತು. ನಾಲ್ಕು ಕಾಲು ನಾಲ್ಕು ಕಡೆ, ಚೌಕ ನಟ್ಟನಡುವೆ.

"ಏನಿದು?"

"ಮಂಚ."

"ಕೊಳವೆ ಮುಚ್ಚಬಾರದು ಅಂತ ಷರತ್ತಿದೆ."

"ಮುಚ್ಚಿಲ್ಲ. ಬಗ್ಗಿ ನೋಡು."

ಬಗ್ಗಿ ನೋಡಿದೆ. ಮಂಚದ ಕೆಳಗೆ ಕೊಳವೆ ತೆರೆದೇ ಇತ್ತು. ಒಬ್ಬ ಮನುಷ್ಯ ತೂರಲು ಮಾತ್ರ ದಾರಿಯಿರಲಿಲ್ಲ.

"ಮಂಚ ಕಿಟಕಿ ಹತ್ರ ಇರಬೇಕು. ಸರಿಸಿ," ಎಂದೆ.

ಅವರು ಹಣೆಯ ಬೆವರು ಒರೆಸಿಕೊಂಡರು. ಕನ್ನಡಕ ತೆಗೆದು ಮಡಚಿ ಕಿಟಕಿಯ ಮೇಲಿಟ್ಟರು. ಮಂಚದ ನಡುವೆ ನೆಟ್ಟಗೆ ಮಲಗಿ, ಎರಡೂ ಕೈ ಎದೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿದರು. ಅವರು ಗೊರಕೆ ಹೊಡೆಯುವವರಲ್ಲ. ಆದರೂ ಹೊಡೆಯತೊಡಗಿದರು.

ನಾನು ಬಟ್ಟೆಗಂಟು ಎತ್ತಿಕೊಂಡು ಮೆಟ್ಟಿಲಿಳಿದೆ.