ಒಂಬತ್ತನೆಯ ಸಾಲಿಗೆ ಓಡಿಹೋದ ರಾಜನ ಬಗ್ಗೆ

ಮಾನ್ಯರೇ,

ಚದುರಂಗ ನಿಯಮ ಪರಿಷ್ಕರಣಾ ಸಮಿತಿಯ ಅಧ್ಯಕ್ಷರೂ, ಕಾರ್ಯದರ್ಶಿಗಳೂ, ಏಕೈಕ ಸದಸ್ಯರೂ, ನಮ್ಮ ಬೀದಿಯ ಹೆಸರಾಂತ ದರ್ಜಿಗಳೂ, ಎಲ್ಲಕ್ಕಿಂತ ಮಿಗಿಲಾಗಿ ನನ್ನ ಹೆಂಡತಿಯ ಅಣ್ಣನವರೂ ಆದ ತಮ್ಮ ಸನ್ನಿಧಿಗೆ, ಪಕ್ಕದಂಗಡಿಯಲ್ಲಿ ಬೀಗ ರಿಪೇರಿ ಮಾಡಿಕೊಂಡಿರುವ ನಾನು ತಗ್ಗಿ ಬಗ್ಗಿ ನಮಸ್ಕರಿಸಿ, ನಮ್ಮಿಬ್ಬರ ಅಂಗಡಿಗಳ ನಡುವಿನ ಗೋಡೆಗೆ ಎಲ್ಲರೂ ಓದಲೆಂದು ಅಂಟಿಸುತ್ತಿರುವ ದೂರು ಇದು.

ಊಟದ ಬಿಡುವಿನಲ್ಲಿ ತಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಾವು ಆಡುವ ಆಟಕ್ಕೆ ಕಳೆದ ಆರು ವರ್ಷಗಳಲ್ಲಿ ತಾವು ತಂದ ಸುಧಾರಣೆಗಳನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅಂಗಿಯನ್ನು ತೊಟ್ಟು ನೋಡಿ ಕಳಚುವ ಹಾಗೆ ಕಾಯನ್ನೂ ನಡೆಸಿ ನೋಡಿ ವಾಪಸು ಇಡಬಹುದೆಂಬ ‘ಟ್ರಯಲ್ ನಡೆ’ ತಮ್ಮದೇ ಕೊಡುಗೆ. ಆಟದ ನಡುವೆ ಯಾರ ಗಿರಾಕಿ ಬರುತ್ತಾರೋ ಅವರಿಗೊಂದು ನಡೆ ಹೆಚ್ಚು ಎಂಬ ನಿಯಮದಂತೆ, ಶಾಲೆ ತೆರೆಯುವ ವಾರದಲ್ಲಿ ಯೂನಿಫಾರ್ಮಿಗೆ ಸಾಲುಗಟ್ಟಿದವರ ದಯೆಯಿಂದ ತಾವು ಸತತ ಹದಿನಾಲ್ಕು ನಡೆ ನಡೆದಿರಿ. ನನ್ನ ಕಡೆ ಬಂದದ್ದು ಬೀಗದಕೈ ಕಳೆದುಕೊಂಡ ಒಬ್ಬರೇ ಮಹಾನುಭಾವರು. ಅವರ ಅಂಗಿಯ ಗುಂಡಿಯೂ ಕಿತ್ತುಹೋಗಿದ್ದರಿಂದ ಅವರು ತಮ್ಮ ಗಿರಾಕಿಯೇ ಎಂದು ಸಮಿತಿ ತೀರ್ಪಿತ್ತಿತು. ಅದಕ್ಕೂ ತಲೆಬಾಗಿ ಮರುದಿನ ಮತ್ತೆ ಆಡಲು ಬಂದೆ.

ಆದರೆ ಮೊನ್ನೆ ಮಂಗಳವಾರದ್ದು ಮಾತ್ರ ಹೊಟ್ಟೆಗಿಳಿಯುತ್ತಿಲ್ಲ. ಚದುರಂಗದ ಮರದ ಹಲಗೆಯ ಮೇಲೆ ತಾವು ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ಅದನ್ನು ಸುಟ್ಟ ಮೇಲೆ, ತಾವೇ ಹೊಲಿದು ತಂದ ಬಟ್ಟೆಯ ಹಾಸಿನಲ್ಲಿ ಆಡುತ್ತಾ, ನಾನು ತಮ್ಮ ರಾಜನನ್ನು ಬಲಮೂಲೆಗೆ ಅಟ್ಟಿ, ಒಂದು ಆನೆ ಒಂದು ಕುದುರೆಯಿಂದ ಬೀಗ ಜಡಿದು, ಜನ್ಮದಲ್ಲಿ ಮೊದಲ ಸಲ ‘ಚೆಕ್‌ಮೇಟ್’ ಎಂದು ಕೂಗಿದೆ. ಊಟದ ಡಬ್ಬಿ ತಂದಿದ್ದ ತಮ್ಮ ತಂಗಿಯೇ ಸಾಕ್ಷಿ. ಆಗ ತಾವು ಮುಖದ ಗೆರೆಯೊಂದೂ ಅಲುಗದಂತೆ ಬ್ಲೇಡು ಹಿಡಿದು ಹಾಸಿನ ಬಲಅಂಚಿನ ಹೊಲಿಗೆ ಬಿಚ್ಚಿದಿರಿ. ಮಡಿಕೆಯೊಳಗಿಂದ ಎಂಟು ಮನೆಗಳ ಹೊಚ್ಚಹೊಸ ಒಂಬತ್ತನೆಯ ಸಾಲು ಹೊರಬಂತು. “ಒಳಗೆ ಸ್ವಲ್ಪ ಬಟ್ಟೆ ಬಿಟ್ಟೇ ಹೊಲಿಯೋದಪ್ಪಾ, ಬಿಗಿಯಾದಾಗ ಬಿಚ್ಕೊಳ್ಳೋಕೆ” ಎಂದು ರಾಜನನ್ನು ಅಲ್ಲಿಗೆ ಸರಿಸಿ, ಊಟಕ್ಕೆ ಕೈ ತೊಳೆಯಲು ಎದ್ದಿರಿ.

ಎಂಥ ದೂರದೃಷ್ಟಿ! ಇಷ್ಟು ಶತಮಾನಗಳಿಂದ ಮೂಲೆಯಲ್ಲಿ ಸಿಕ್ಕಿಬಿದ್ದು ಸತ್ತ ರಾಜರಿಗೆಲ್ಲ ಒಬ್ಬ ಒಳ್ಳೆಯ ದರ್ಜಿ ಇರಲಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು. ಆದರೂ ಸಮಿತಿಯು ವರ್ಷಕ್ಕೊಂದು ಸಾಲು ಬಿಚ್ಚುತ್ತಾ ಹೋದರೆ ತಮ್ಮ ರಾಜನನ್ನು ಹಿಡಿಯಲು ನನ್ನ ಕುದುರೆ ಬಸ್ಸು ಹತ್ತಬೇಕಾಗುವುದರಿಂದ, ಅದಕ್ಕೊಂದು ಪಾಸು ಮಂಜೂರು ಮಾಡಬೇಕೆಂದೂ, ಇನ್ನು ಮುಂದೆ ಆಟಕ್ಕೆ ಮೊದಲು ಹಾಸನ್ನು ಟೇಪು ಹಿಡಿದು ಅಳೆಯಲು ಅಪ್ಪಣೆ ಕೊಡಬೇಕೆಂದೂ ಕೋರುತ್ತೇನೆ.

ಇಷ್ಟು ಬರೆದು ತಮ್ಮ ತಂಗಿಗೆ ಓದಿ ಹೇಳಿದರೆ ಅವಳು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. “ನಾನು ಗೆದ್ದ ದಿನಾನೇ ಆಟ ಬಿಟ್ಬಿಡ್ತೀನಿ ಅಂತ ಆರು ವರ್ಷದ ಹಿಂದೆ ಕೂಗಾಡಿದ್ದು ಯಾರ್ರೀ? ಮಾರನೇ ದಿನದಿಂದಲೇ ಅಣ್ಣ ಹೊಸ ಹೊಸ ನಿಯಮ ಮಾಡೋಕೆ ಶುರು ಮಾಡಿದ್ದು. ಒಬ್ಬನೇ ಕೂತು ಉಣ್ಣೋಕೆ ಅವನಿಗೆ ಆಗಲ್ಲ” ಎಂದಳು. ಒಂಬತ್ತೇ ನಡೆಯಲ್ಲಿ ಸೋತ ಸಿಟ್ಟಿನಲ್ಲಿ ಆಡಿದ ಆ ಮಾತನ್ನು ನಾನು ಮರೆತೇಬಿಟ್ಟಿದ್ದೆ, ತಾವು ಮರೆತಿರಲಿಲ್ಲ. ಭಾವನವರೇ, ನನಗೆ ನಾಚಿಕೆಯಾಯಿತು.

ಆದಕಾರಣ ಆ ಮಾತನ್ನು ಈ ಮೂಲಕ ಬೀದಿಯ ಸಮಕ್ಷಮದಲ್ಲಿ ಹಿಂಪಡೆಯುತ್ತಿದ್ದೇನೆ. ಅದನ್ನೊಂದು ಟ್ರಯಲ್ ನಡೆಯೆಂದೇ ಭಾವಿಸತಕ್ಕದ್ದು. ಗೆದ್ದ ಮರುದಿನವೂ ಒಂದೂವರೆಗೆ ಸ್ಟೂಲು ಎಳೆದುಕೊಂಡು ತಮ್ಮೆದುರು ಕೂರುತ್ತೇನೆ. ಇನ್ನಾದರೂ ತಾವು ನಿಶ್ಚಿಂತೆಯಿಂದ ಒಂದು ಸಲ ಸೋತು ಉಪಕರಿಸಬೇಕು.

ಸೋತು ಸುಣ್ಣವಾದರೂ ಜಾಗ ಬಿಟ್ಟು ಕದಲದ,
ತಮ್ಮ ವಿಶ್ವಾಸಿ,
ಪಕ್ಕದಂಗಡಿಯ ಬೀಗದವ

ತಾ.ಕ.: ಹೋದ ತಿಂಗಳು ತಾವು ಹೊಲಿದುಕೊಟ್ಟ ಕಂದು ಪ್ಯಾಂಟು ಸೊಂಟಕ್ಕೆ ಬಿಗಿಯೆಂದು ಬಿಚ್ಚಿ ನೋಡಿದೆ, ಒಳಗೆ ಒಂದೆಳೆ ಬಟ್ಟೆಯನ್ನೂ ಬಿಟ್ಟಿಲ್ಲ. ಉಳಿದ ಬಟ್ಟೆ ಎಲ್ಲಿ ಹೋಯಿತೆಂದು ಕೇಳುವವನಿದ್ದೆ. ಒಂಬತ್ತನೆಯ ಸಾಲಿನ ಕಪ್ಪು ಮನೆಗಳೆಲ್ಲ ಕಂದಾಗಿರುವುದನ್ನು ಕಂಡ ಮೇಲೆ ಕೇಳುವ ಅಗತ್ಯ ಬೀಳಲಿಲ್ಲ.