ಕಮಲಾಪುರದಲ್ಲಿ ಅನುಮತಿಯಿಲ್ಲದೆ ತಿಳಿಯಾದ ನೀರಿನ ಬಗ್ಗೆ

ಇಲಾಖಾ ಕಚೇರಿ, ಕಲಬುರಗಿ
ಕ್ರಮಾಂಕ: ತಿ.ನೀ./ಕಮಲಾಪುರ/೭/೫೧
ದಿನಾಂಕ: ೨೩ ಏಪ್ರಿಲ್ ೧೯೫೧

ವಿಷಯ: ಶಾಲಾ ಮಕ್ಕಳೆದುರು ಪಾಪವನ್ನು ನೀರಿನಲ್ಲಿ ಕರಗಿಸಿ, ಮೇಲಧಿಕಾರಿಗಳ ಸಹಿಯಿಲ್ಲದೆ ಪರಿಹರಿಸಿದ ಕುರಿತು.

ಉಲ್ಲೇಖ: (೧) ಹೆಸರು ಬರೆಯದ ಹಿತೈಷಿಯೊಬ್ಬರ ದೂರು. (೨) ತಪಾಸಣಾಧಿಕಾರಿ ಜಯತೀರ್ಥರಾಯರ ವರದಿ. (೩) ಒಂದು ಸೀಸೆ, ಅರಗಿನ ಮುದ್ರೆ ಸಹಿತ.

ಎಲ್ಲ ಶಾಲೆಗಳ ಗಮನಕ್ಕೆ ಈ ಕೆಳಗಿನಂತೆ ತರಲಾಗಿದೆ:

೧. ಕಮಲಾಪುರ ಪ್ರಾಥಮಿಕ ಶಾಲೆಯ ಪಡಸಾಲೆಯಲ್ಲಿ ದಿನಾಂಕ ೮ರ ರವಿವಾರ ಬಂಡೆಮ್ಮ ಎಂಬ ಅಕ್ಕೋರು ಕ್ರೈಸ್ತ ಮಕ್ಕಳಿಗೆ ಧರ್ಮಪಾಠ ಹೇಳಿದ್ದಾರೆ. ಪಾಠಕ್ಕೆ ಇಲಾಖೆಯ ಅನುಮತಿ ಇದ್ದು, ಅದರ ಬಗ್ಗೆ ತಕರಾರಿಲ್ಲ. ಚುರುಮುರಿ ಹಂಚುತ್ತಾರೆಂದು ಉಳಿದ ಜಾತಿಗಳ ಮಕ್ಕಳೂ ಬಂದು ಕೂತಿದ್ದು, ಚುರುಮುರಿಯ ಬಗ್ಗೆಯೂ ತಕರಾರಿಲ್ಲ. ತಕರಾರು ಇರುವುದು ಗಾಜಿನ ಲೋಟದ ಬಗ್ಗೆ.

೨. ಸದರಿ ಅಕ್ಕೋರು ಲೋಟದ ನೀರಿಗೆ ನಾಲ್ಕು ಹನಿ ಜೋಳದ ಗಂಜಿ ಬಿಟ್ಟು, ಗಾಯಕ್ಕೆ ಹಚ್ಚುವ ಟಿಂಚರನ್ನು ಅದಕ್ಕೆ ಬೆರೆಸಿದಾಗ ನೀರು ಮಸಿಯಂತೆ ಕಪ್ಪಾಯಿತು. ಇದು ಪಾಪ ಎಂದು ಮಕ್ಕಳಿಗೆ ತಿಳಿಸಲಾಯಿತು. ಇಲ್ಲಿಯವರೆಗೆ ಎಲ್ಲವೂ ನಿಯಮಬದ್ಧ. ಆಮೇಲೆ ಅವರು ಫೋಟೋ ತೆಗೆಯುವವರಿಂದ ತಂದ ಹೈಪೋ ಎಂಬ ಪುಡಿಯನ್ನು ಒಂದು ಚಿಟಿಕೆ ಹಾಕಿದರು. ಮಕ್ಕಳು ಕಣ್ಣು ಮಿಟುಕಿಸುವುದರೊಳಗೆ ನೀರು ತಿಳಿಯಾಯಿತು. ಬಾಯಿ ಬಿಟ್ಟು ಕ್ಷಮೆ ಕೇಳಿದವನನ್ನು ದೇವರು ಹೀಗೆ ಕ್ಷಮಿಸುತ್ತಾನೆ, ಆಮೇಲೆ ಫೈಲು ಇಟ್ಟುಕೊಳ್ಳುವುದಿಲ್ಲ ಎಂದು ಹೇಳಿದ್ದಾಗಿ ಅಕ್ಕೋರು ಒಪ್ಪಿಕೊಂಡಿದ್ದಾರೆ. ಈ ಕೊನೆಯ ಮಾತು ಇಲಾಖೆಯ ಬುಡಕ್ಕೇ ಕೈ ಹಾಕಿದಂತಾಗಿದೆ.

೩. ಅದೇ ಪಡಸಾಲೆಯ ಮೂಲೆಯಲ್ಲಿ ಕರೀಂಸಾಬ್ ಎಂಬ ಚಪರಾಸಿ ಕೂತಿದ್ದನು. ಹೈದರಾಬಾದಿನ ಪೊಲೀಸ್ ಆ್ಯಕ್ಷನ್ನಿಗೆ ಮುಂಚೆ ಒಂದು ಸಂಜೆ ನಿಜಾಮನ ಕಡೆಯ ರಜಾಕಾರರಿಗೆ ಶಾಲೆಯ ಬಾಗಿಲು ತೆರೆದುಕೊಟ್ಟನೆಂಬ ಆರೋಪದ ಮೇಲೆ ಅವನನ್ನು ಎರಡು ವರ್ಷ ಏಳು ತಿಂಗಳಿನಿಂದ ಅಮಾನತ್ತಿನಲ್ಲಿ ಇಡಲಾಗಿತ್ತು. ಅಮಾನತ್ತಿನಲ್ಲಿರುವವನು ದಿನಾಲೂ ಹಾಜರಿದ್ದು ತಾನು ಕೆಲಸದಲ್ಲಿಲ್ಲ ಎಂದು ರುಜು ಹಾಕಬೇಕೆಂಬುದು ನಿಯಮ. ಗಂಟೆ ಮುಟ್ಟುವಂತಿಲ್ಲ. ಗಂಟೆ ಬಾರಿಸುವವನಿಲ್ಲದ ಕಾರಣ ಶಾಲೆ ಸೂರ್ಯನನ್ನು ನೋಡಿ ಬಿಡುತ್ತಿತ್ತು.

೪. ಬಾಗಿಲು ತೆರೆಯಲು ಅಂದಿನ ಹೆಡ್‌ಮಾಸ್ತರರೇ ಚೀಟಿ ಬರೆದುಕೊಟ್ಟಿದ್ದರೆಂದೂ ಚೀಟಿ ಫೈಲಿನಲ್ಲೇ ಇದೆಯೆಂದೂ ಕೆಲವರು ಗುಲ್ಲೆಬ್ಬಿಸಿದ್ದಾರೆ. ಸದರಿ ಹೆಡ್‌ಮಾಸ್ತರರಿಗೆ ಅವರ ಜಾಗರೂಕತೆಯನ್ನು ಮೆಚ್ಚಿ ಬಡ್ತಿ ನೀಡಲಾಗಿದೆ. ಆ ಚೀಟಿಯ ಕೆಳಗಿನ ಸಹಿಯೂ ಈ ಸುತ್ತೋಲೆಯ ಕೆಳಗಿನ ಸಹಿಯೂ ಒಂದೇ ತೆರನಾಗಿ ಕಾಣುವುದು ಆಕಸ್ಮಿಕವೆಂದು ಭಾವಿಸತಕ್ಕದ್ದು.

೫. ಕರೀಂಸಾಬ್ ಈವರೆಗೆ ಹನ್ನೊಂದು ಕ್ಷಮಾಪಣಾ ಅರ್ಜಿ ಸಲ್ಲಿಸಿದ್ದಾನೆ. ಎಡಗಡೆ ಸಾಕಷ್ಟು ಅಂಚು ಬಿಟ್ಟಿಲ್ಲವೆಂದು ಹನ್ನೊಂದನ್ನೂ ಹಿಂತಿರುಗಿಸಲಾಗಿದೆ. ಹೀಗೆ ಇಲಾಖೆ ನ್ಯಾಯವಾಗಿ ನಡೆದುಕೊಂಡು ಬರುತ್ತಿರುವಾಗ, ಲೋಟ ತಿಳಿಯಾದದ್ದನ್ನು ಕಂಡ ಸಾಬಮ್ಮ ಎಂಬ ಮೂರನೇ ಇಯತ್ತೆಯ ಹುಡುಗಿ ಎದ್ದು ನಿಂತು, ಕರೀಂ ಕಾಕಾನ ತಪ್ಪೂ ಹಿಂಗೇ ತಿಳಿ ಆಗ್ತದೇನ್ರೀ ಎಂದು ಕೇಳಿದಳು. ಅಕ್ಕೋರು ಕೊಟ್ಟ ಉತ್ತರವನ್ನು ದೂರಿನಲ್ಲಿದ್ದಂತೆಯೇ ನಮೂದಿಸಲಾಗಿದೆ: “ದೇವರ ಹಂತ್ಯಾಕ ಎಂದೋ ಆಗ್ಯಾದವ್ವಾ. ಕಚೇರ್ಯಾಗ ಆಗಿಲ್ಲ.”

೬. ಕಾರಣ ದಿನಾಂಕ ೧೬ರಂದು ಜಯತೀರ್ಥರಾಯರನ್ನು ಕಮಲಾಪುರಕ್ಕೆ ಕಳುಹಿಸಲಾಯಿತು. ಇವರು ನಲವತ್ತು ವರ್ಷದಿಂದ ಸಂಧ್ಯಾವಂದನೆ ತಪ್ಪಿಸದ, ಕಚೇರಿಯಲ್ಲಿ ಯಾವ ಫೈಲನ್ನೂ ಅವಸರಪಟ್ಟು ಮುಗಿಸದ ವಿಶ್ವಾಸಾರ್ಹ ಅಧಿಕಾರಿ. ಕರೀಂಸಾಬನ ಫೈಲು ಕೂಡ ಇಷ್ಟು ದಿನ ಅವರ ಕಪಾಟಿನಲ್ಲೇ ಭದ್ರವಾಗಿತ್ತು. ಅವರು ಪ್ರಯೋಗವನ್ನು ಮತ್ತೊಮ್ಮೆ ಮಾಡಿಸಿ, ನೀರು ಕಪ್ಪಾದ ಕೂಡಲೇ ತಡೆದು, ಪಾಪವನ್ನು ಔಷಧದ ಖಾಲಿ ಸೀಸೆಗೆ ಸುರಿಸಿ, ಬೂಚು ಹಾಕಿ, ಅರಗಿನ ಮುದ್ರೆ ಒತ್ತಿ ಜಪ್ತಿ ಮಾಡಿದರು. ಈ ದಕ್ಷತೆಗೆ ಇಲಾಖೆ ಮೆಚ್ಚುಗೆ ಸೂಚಿಸುತ್ತದೆ. ಮೆಚ್ಚುಗೆ ಇಲ್ಲಿಗೆ ಮುಗಿಯಿತು.

೭. ಹೊರಡುವಾಗ ಅವರು ಕರೀಂಸಾಬನನ್ನು ಕರೆದು, ಚೀಟಿ ಬರೆದವರು ಬೇರೆ ಇರುವಾಗ ನೀನೇಕೆ ಕ್ಷಮೆ ಕೇಳುತ್ತೀ ಎಂದು ವಿಚಾರಿಸಿದ್ದು ಅನವಶ್ಯಕವಾಗಿತ್ತು. ಅವನು ಹೇಳಿದ್ದು: “ಚೀಟಿ ಅವರದೇ ಖರೆ ಸಾಹೇಬ್ರ. ಬಾಗಲಾ ತೆಗೆದ ಕೈ ನಂದದ.”

೮. ಹಿಂದಿರುಗುವ ಬಸ್ಸಿನಲ್ಲಿ ಡ್ರೈವರನ ಪಕ್ಕದ ಸೀಟು ಸಿಕ್ಕಿದ್ದರಿಂದ ರಾಯರು ಸೀಸೆಯನ್ನು ಇಂಜಿನ್ನಿನ ಮುಚ್ಚಳದ ಮೇಲೆ ಇಟ್ಟರು. ನಡು ಮಧ್ಯಾಹ್ನ, ಮುಚ್ಚಳ ಕಾದ ಹಂಚಾಗಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ, ಮುದ್ರೆ ಮುದ್ರೆಯಾಗಿಯೇ ಇರಲು, ಒಳಗಿನ ಪಾಪ ಕಾಣದಾಯಿತು. ಹೈಪೋ ಇಲ್ಲ, ಯಾರೂ ಮುಟ್ಟಿಲ್ಲ. ರಾಯರು ಸೀಸೆಯನ್ನೇ ನೋಡುತ್ತ ಕೂತರೆಂದೂ ಕಣ್ಣೊರೆಸಿಕೊಂಡರೆಂದೂ ಕಂಡಕ್ಟರ್ ಮಲಂಗಸಾಬ ಹೇಳಿಕೆ ಕೊಟ್ಟಿದ್ದಾನೆ. ಕಣ್ಣೊರೆಸಿಕೊಳ್ಳಲು ಪ್ರಯಾಣಭತ್ಯೆಯ ನಿಯಮಗಳಲ್ಲಿ ಅವಕಾಶವಿಲ್ಲ.

೯. ಚಪರಾಸಿಯನ್ನು ಕೆಲಸಕ್ಕೆ ಮರಳಿಸುವ ಅಧಿಕಾರ ಮೊದಲಿನಿಂದಲೂ ತಮಗೇ ಇತ್ತೆಂಬುದು ರಾಯರಿಗೆ ಆ ಗಳಿಗೆಯಲ್ಲಿ ನೆನಪಾಗಿದೆ. ಅವರು ತಪಾಸಣೆಗೆಂದು ಜೊತೆಗೆ ತಂದಿದ್ದ ಕರೀಂಸಾಬನ ಫೈಲನ್ನು ತೊಡೆಯ ಮೇಲೆಯೇ ಬಿಚ್ಚಿ, “ತಪ್ಪು ಒಪ್ಪಿಕೊಂಡಿದ್ದಾನೆ. ಇಷ್ಟು ಸಾಕು. ನಾಳೆಯಿಂದ ಗಂಟೆ ಬಾರಿಸಲಿ” ಎಂದು ಆದೇಶ ಬರೆದು, ಎದುರಿಗೆ ಬಂದ ಬಸ್ಸನ್ನು ಕೈಮಾಡಿ ನಿಲ್ಲಿಸಿ ಕಮಲಾಪುರಕ್ಕೆ ರವಾನಿಸಿದರು. ಎರಡು ವರ್ಷ ಏಳು ತಿಂಗಳ ಕೆಲಸವನ್ನು ಒಂದು ಬಸ್‌ಸ್ಟಾಪೂ ಇಲ್ಲದ ಜಾಗದಲ್ಲಿ ಮುಗಿಸಿದ್ದು ಇಲಾಖೆಯ ಇತಿಹಾಸದಲ್ಲಿ ಇದೇ ಮೊದಲು.

೧೦. ಕಲಬುರಗಿ ಮುಟ್ಟಿ ಸೀಸೆಯನ್ನು ಕಚೇರಿಯ ತಣ್ಣನೆಯ ಮೇಜಿನ ಮೇಲೆ ಇಟ್ಟು ಅರ್ಧ ಗಂಟೆ ಕಳೆಯಲು, ನೀರು ಮೊದಲಿನಂತೆ ಕಪ್ಪಾಯಿತು. ಕಾವಿಗೆ ಬಣ್ಣ ಹೋಗಿ ತಣಿದಾಗ ಮರಳುವುದು ಗಂಜಿಯ ಗುಣವೆಂದು ಬಂಡೆಮ್ಮ ಬರೆದು ತಿಳಿಸಿದ್ದಾರೆ. ಇಲಾಖೆ ಇದನ್ನು ಒಪ್ಪಿಲ್ಲ. ಹೊರಗೆ ಹೋದ ಪಾಪವೂ ಕಚೇರಿಯೊಳಗೆ ಬಂದರೆ ತಾನಾಗಿ ಮರಳುತ್ತದೆಂದು ದಾಖಲಿಸಲಾಗಿದೆ.

೧೧. ಆದ್ದರಿಂದ ಈ ಮೂಲಕ ಎಲ್ಲರಿಗೂ ಸೂಚಿಸುವುದೇನೆಂದರೆ:

(ಅ) ಒಮ್ಮೆ ಕಪ್ಪಾದ ನೀರನ್ನು ಕನಿಷ್ಠ ಆರು ತಿಂಗಳು ಕಪ್ಪಾಗಿಯೇ ಇಡತಕ್ಕದ್ದು. ಮಧ್ಯೆ ತಾನಾಗಿ ತಿಳಿಯಾದಲ್ಲಿ ನೀರಿನಿಂದ ವಿವರಣೆ ಪಡೆಯತಕ್ಕದ್ದು.

(ಆ) ಟಿಂಚರೂ ಹೈಪೋವೂ ಒಬ್ಬರ ವಶದಲ್ಲಿ ಇರಕೂಡದು. ಟಿಂಚರ್ ಪ್ರತಿ ಶಾಲೆಯಲ್ಲೂ, ಹೈಪೋ ಕಲಬುರಗಿಯಲ್ಲಿ ಬೀಗದೊಳಗೂ ಇರತಕ್ಕದ್ದು. ಬೀಗದ ಕೈ ರಜೆಯ ಮೇಲಿರುವ ಅಧಿಕಾರಿಯ ಬಳಿ ಇರತಕ್ಕದ್ದು.

(ಇ) ಮಕ್ಕಳಿಗೆ ಕ್ಷಮೆಯನ್ನು ಬೋಧಿಸಬಹುದು. ಉದಾಹರಣೆಗೆ ಊರಿನವರ ಹೆಸರು ಬಳಸಕೂಡದು. ಬಹಳ ಹಿಂದೆ ತೀರಿಕೊಂಡವರನ್ನು ಬಳಸಬಹುದು.

(ಈ) ದೇವರು ಫೈಲು ಇಡುವುದಿಲ್ಲ ಎಂಬ ವಾಕ್ಯಕ್ಕೆ ಬದಲಾಗಿ, ದೇವರ ಫೈಲು ಪರಿಶೀಲನೆಯಲ್ಲಿದೆ ಎಂದು ಓದಿಕೊಳ್ಳತಕ್ಕದ್ದು.

೧೨. ಬಸ್ಸಿನಲ್ಲಿ ಬರೆದ ಆದೇಶವನ್ನು ರದ್ದುಪಡಿಸಲು, ತಾನು ತಪ್ಪಿ ಬರೆದೆನೆಂದು ಬರೆದವರೇ ಒಪ್ಪಬೇಕೆಂಬುದು ನಿಯಮ. ನೀರು ಮತ್ತೆ ಕಪ್ಪಾಗಿದೆಯಲ್ಲ, ಇನ್ನಾದರೂ ಒಪ್ಪಿ ಎಂದು ರಾಯರಿಗೆ ಮೂರು ನೋಟೀಸು ನೀಡಲಾಯಿತು. ಅವರ ಉತ್ತರ: “ನಲವತ್ತು ವರ್ಷ ದಿನಾ ನೀರು ಹಿಡಿದು ನನ್ನ ಪಾಪ ತೊಳಕೊಂಡೀನ್ರೀ. ಇನ್ನೊಬ್ಬರದು ಒಂದಿನಾನೂ ತೊಳೆದಿರಲಿಲ್ಲ. ನೀರು ಕಪ್ಪಾದ್ರ ಆಗ್ಲಿ. ಬರದದ್ದು ಬರದೀನಿ.” ಮುಂಗೋಪವಿಲ್ಲದ ಮನುಷ್ಯ ಹೀಗೆ ಉತ್ತರಿಸಿದ್ದು ಖೇದಕರ. ಅವರನ್ನು ಉಗ್ರಾಣದ ಮುರುಕು ಬೆಂಚುಗಳ ತಪಾಸಣೆಗೆ ನೇಮಿಸಲಾಗಿದೆ. ಬೇರೆ ದಾರಿ ಕಾಣದ ಕಾರಣ ಆದೇಶ ಜಾರಿಯಲ್ಲಿದೆ; ಇದನ್ನು ಯಾರೂ ಮೇಲ್ಪಂಕ್ತಿಯಾಗಿ ಹಿಡಿಯತಕ್ಕದ್ದಲ್ಲ.

(ಸಹಿ ಇದೆ, ಯಾವುದರೊಂದಿಗೂ ಹೋಲಿಸಿ ನೋಡಕೂಡದು)
ಇಲಾಖೆಯ ಪರವಾಗಿ

ಪ್ರತಿಗಳು:
೧. ಎಲ್ಲ ಶಾಲೆಗಳಿಗೆ, ಓದಿ ಮರೆಯಲು.
೨. ಬಂಡೆಮ್ಮ ಅಕ್ಕೋರಿಗೆ, ಲೋಟ ತೊಳೆದು ಹಿಂತಿರುಗಿಸಲು.
೩. ಜಯತೀರ್ಥರಾಯರಿಗೆ, ಉಗ್ರಾಣದ ವಿಳಾಸಕ್ಕೆ.
೪. ಸೀಸೆಗೆ, ಕೊರಳಿಗೆ ಕಟ್ಟಲು.
೫. ಕರೀಂಸಾಬನಿಗೆ. ಈ ಪ್ರತಿ ತಲುಪದೆ ಮರಳಿ ಬಂದಿದೆ. ಎರಡು ಕೈಯಲ್ಲೂ ಗಂಟೆಯ ಹಗ್ಗ ಹಿಡಿದಿದ್ದರಿಂದ ಅವನಿಗೆ ಕಾಗದ ತೆಗೆದುಕೊಳ್ಳಲು ಪುರಸೊತ್ತಾಗಲಿಲ್ಲವೆಂದು ಟಪಾಲಿನವನು ಷರಾ ಬರೆದಿದ್ದಾನೆ.