ಗಿರಣಿಯೊಳಗಿನ ಶಿಕ್ಷಣ ಕಚೇರಿ

ಸರಕಾರದ ಸಹಾಯ ಎಲ್ಲಿ ಸಿಗುತ್ತದೆ ಎಂದು ಮಕ್ಕಳ ತಂದೆ-ತಾಯಿಗೂ ಶಾಲೆಗಳಿಗೂ ತೋರಿಸಿಕೊಡುವುದು ನನ್ನ ನೌಕರಿ. ಅವರು ಅದನ್ನು ಹುಡುಕುತ್ತ ಬೇರೆಲ್ಲೋ ಹೋಗಿ ಕುಳಿತಿರುವುದು, ನಾನು ಅವರನ್ನು ಹುಡುಕುತ್ತ ಹೋಗುವುದು, ಹೀಗೆ ಏನಾದರೊಂದು ನಡೆಯದ ವಾರ ನನಗೆ ನೆನಪಿಲ್ಲ.

ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೇನೆ. ಅದರಿಂದ ಆದ ಲಾಭವೆಂದರೆ, ಯಾವ ಯೋಜನೆಯ ಹೆಸರು ಕೇಳಿದರೂ ರೋಮಾಂಚನವಾಗುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂದು ತಿರುಗಿ ಕೆಲಸ ಮಾಡಿದ್ದೇನೆ. ಭಾಷಣಗಳಲ್ಲಿ ನಮ್ಮ ಕಡೆಗೆ ಹಿಂದುಳಿದ ಪ್ರದೇಶ ಎಂದು ಹೆಸರು. ಹಾಗೆ ಕರೆಯುವವರು ಕಾರಿನಲ್ಲಿ ಬರುತ್ತಾರೆ, ದಾರಿ ತಪ್ಪುತ್ತಾರೆ, ಆಮೇಲೆ ದಾರಿ ಕೇಳುವುದು ಮಾತ್ರ ನಮ್ಮವರನ್ನೇ. ಕೆಳಗಿನದೆಲ್ಲ ಈ ಐದರಲ್ಲಿ ಒಂದು ಊರಿನಲ್ಲಿ ನಡೆದದ್ದು. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಉಳಿದ ನಾಲ್ಕು ಊರಿನವರು, ನಮ್ಮಲ್ಲೇನು ಕಡಿಮೆ ನಡೆದಿದೆಯೆ ಎಂದು ಜಗಳಕ್ಕೆ ಬರುತ್ತಾರೆ.

ಕದಲದ ಬೋರ್ಡು

ನಮ್ಮ ಕಚೇರಿ ಮೊದಲು ಬಜಾರದ ಒಂದು ಬಾಡಿಗೆ ಮನೆಯಲ್ಲಿತ್ತು. ನನಗಿಂತ ಹಿಂದೆ ಇದ್ದ ಒಬ್ಬ ಸಾಹೇಬರಿಗೆ ತಗಡಿನ ಬೋರ್ಡು ಮನಸ್ಸಿಗೆ ಬರಲಿಲ್ಲ. ಶಹಾಬಾದ ಕಲ್ಲಿನ ದೊಡ್ಡ ಚಪ್ಪಡಿ ತರಿಸಿ, ಕಚೇರಿಯ ಹೆಸರು ಕೆತ್ತಿಸಿ, ಬಾಗಿಲ ಪಕ್ಕದ ಗೋಡೆಯಲ್ಲಿ ಸಿಮೆಂಟು ಹಾಕಿ ಕೂರಿಸಿದರು. ಸರಕಾರ ಎಂದರೆ ಹೀಗೆ ಗಟ್ಟಿ ಇರಬೇಕು ಅಂದಿದ್ದರಂತೆ. ಅವರು ವರ್ಗವಾಗಿ ಹೋದರು. ಆಮೇಲೆ ಕಚೇರಿಯೂ ಬಸ್ ಸ್ಟ್ಯಾಂಡ್ ಹಿಂದಿನ ಒಂದು ಮಹಡಿಗೆ ಹೋಯಿತು. ಕಲ್ಲು ಹೋಗಲಿಲ್ಲ. ಕೀಳಲು ಬಂದ ಗೌಂಡಿ ಎರಡು ಏಟು ಹಾಕಿ ನೋಡಿ, "ಇದು ಬರಬೇಕಂದ್ರ ಗ್ವಾಡಿ ಸೈತ ಬರ್ತದರಿ. ಗ್ವಾಡಿ ಬಂದ್ರ ಮನಿ ಬರ್ತದ. ಬೇಕೇನು?" ಎಂದ. ಬೇಡವೆಂದೆವು.

ಹೊಸ ಕಚೇರಿಗೆ ಪ್ಲಾಸ್ಟಿಕ್ ಬ್ಯಾನರು ಕಟ್ಟಿದೆವು. ಮೊದಲ ಗಾಳಿಗೇ ಹಾರಿತು. ಸುಗ್ಗಿಯಲ್ಲಿ ಶಾಲೆ ಭೇಟಿಗೆ ಹೋಗುವಾಗ ರಸ್ತೆ ಪಕ್ಕದ ತೊಗರಿ ರಾಶಿಯ ಮೇಲೆ ಅದನ್ನು ಕಂಡೆ. ಇಲಾಖೆಯ ಲಾಂಛನ ಆಕಾಶ ನೋಡುತ್ತಿತ್ತು.

"ಇದು ನಮ್ಮ ಕಚೇರಿ ಬ್ಯಾನರ್ ಅಲ್ಲೇನು?" ಅಂದೆ.

ರೈತ ಯಾವ ಸಂಕೋಚವೂ ಇಲ್ಲದೆ, "ಹೌದ್ರಿ. ನಿಮ್ಮ ಇಲಾಖೆದು ಭಾಳ ಉಪಯೋಗ ಆಗ್ಯದ ನೋಡ್ರಿ," ಎಂದ.

ನನ್ನ ನೌಕರಿಯಲ್ಲಿ ಇಲಾಖೆಯ ಬಗ್ಗೆ ಕೇಳಿದ ಮೊದಲ ಒಳ್ಳೆಯ ಮಾತು ಅದು.

ಕೆಳಗಿನ ಕಚೇರಿ

ನಾವು ಬಿಟ್ಟ ಮನೆಯಲ್ಲಿ ಆಯಿ ಹಿಟ್ಟಿನ ಗಿರಣಿ ಹಾಕಿದಳು. ಊರೆಲ್ಲ ಅವಳನ್ನು ಆಯಿ ಅನ್ನುತ್ತದೆ, ಏಕವಚನದಲ್ಲೇ. ಅಜ್ಜಿ ಎಂದು ಅರ್ಥ. ಅದಕ್ಕಿಂತ ದೊಡ್ಡ ಗೌರವ ನಮ್ಮಲ್ಲಿಲ್ಲ. ಒಳಕೋಣೆಯಲ್ಲಿ ಯಂತ್ರ. ಮುಂದಿನ ಕೋಣೆಯಲ್ಲಿ ನಾವು ಬಿಟ್ಟುಹೋದ ಟೇಬಲ್ಲು, ಬೆಂಚು, ತಾಲೂಕಿನ ನಕಾಶೆ. ಬಾಗಿಲಲ್ಲಿ ಕಲ್ಲು. ಅದನ್ನು ಓದಿಕೊಂಡು ಒಳಗೆ ಬಂದವರು ಬೆಂಚಿನ ಮೇಲೆ ಕೂತು, ತಮ್ಮ ಮಗುವಿನ ಕಷ್ಟವನ್ನೆಲ್ಲ ಆಯಿಗೆ ಹೇಳಿ ಮುಗಿಸಿದ ಮೇಲೆಯೇ ಗೊತ್ತಾಗುತ್ತಿತ್ತು, ಇದು ಗಿರಣಿ ಎಂದು. ಆಯಿ ನಡುವೆ ತಡೆಯುತ್ತಿರಲಿಲ್ಲ. ಅವಳಿಗೆ ಕೇಳುವ ಚಟ.

ಚಂದ್ರಂಪಳ್ಳಿ ಕಡೆಯ ಒಬ್ಬ ತಂದೆ ಹೈದರಾಬಾದಿನಲ್ಲಿ ಕಟ್ಟಡ ಕೆಲಸ ಮುಗಿಸಿ ಊರಿಗೆ ಮರಳಿದ್ದ. ಮಗನ ಶಾಲೆಯ ದಾಖಲೆಯೆಲ್ಲ ತೆಲುಗಿನಲ್ಲಿತ್ತು. ಇಲ್ಲಿಯ ಶಾಲೆಯವರು, ಹುಡುಗ ಯಾವ ತರಗತಿ ಪಾಸಾಗಿದ್ದಾನೆಂದು ತಿಳಿಯುವುದಿಲ್ಲ, ಕಚೇರಿಗೆ ಹೋಗು ಅಂದಿದ್ದರು. ಅವನು ಕಲ್ಲು ನೋಡಿ ಗಿರಣಿಗೆ ಹೋದ. ಆಯಿ ಹಿಟ್ಟಿಗೆ ಕೂತ ಹೆಂಗಸರ ಕಡೆ ತಿರುಗಿ, "ತೆಲುಗು ಓದೋರು ಯಾರರ ಅದೀರೇನು?" ಎಂದಳು. ಕುರಕುಂಟಾಕ್ಕೆ ಸೊಸೆಯಾಗಿ ಬಂದ, ತೆಲಂಗಾಣದ ಹೆಣ್ಣುಮಗಳೊಬ್ಬಳು ಜೋಳದ ಡಬ್ಬಿ ಪಕ್ಕಕ್ಕಿಟ್ಟು ಓದಿ ಹೇಳಿದಳು.

ಆಮೇಲೆ ಆ ತಂದೆ ನನ್ನ ಮಹಡಿ ಹತ್ತಿ ಬಂದ.

"ಯಾರು ಕಳಿಸಿದರು?" ಅಂದೆ.

"ಕೆಳಗಿನ ಕಚೇರಿ ಮೇಡಂರಿ."

"ಏನು ಹೇಳಿದರು?"

"ಕೆಲಸ ಆಗ್ಯದ. ಮ್ಯಾಲಿನ ಕಚೇರಿಗಿ ಹೋಗಿ ಒಂದು ಸೈನ್ ತಗೋ, ಅವರು ಸುಮ್ಮ ಕುಂತಿರ್ತಾರ, ಅಂದ್ರರಿ."

ಸೈನ್ ಮಾಡಿದೆ. ಸುಮ್ಮನೆ ಕೂತಿದ್ದು ನಿಜ.

ಮೀಸೆ

ಆಯಿಗೆ ಒಬ್ಬಳು ಮೊಮ್ಮಗಳು. ಸಣ್ಣವಳಿದ್ದಾಗ ಜ್ವರ ಬಂದು ಕಿವಿ ಹೋಯಿತು. ಮಾತು ಉಳಿಯಿತು. ನಮ್ಮ ಶಿಬಿರದಲ್ಲಿ ಕಿವಿಯ ಯಂತ್ರ ಕೊಡಿಸಿದ್ದೆವು. ಅದರಿಂದ ಸದ್ದು ತಿಳಿಯುತ್ತದೆ, ಶಬ್ದ ಬಿಡಿಸಿ ತಿಳಿಯುವುದಿಲ್ಲ. ಉಳಿದದ್ದನ್ನು ಅವಳು ಎದುರಿನವರ ತುಟಿ ನೋಡಿ ತುಂಬಿಕೊಳ್ಳುತ್ತಾಳೆ. ಇದನ್ನು ಕಲಿಸಿದ್ದು ನಮ್ಮ ಇಲಾಖೆ ಎಂದು ಹೇಳಿಕೊಳ್ಳಲು ನನಗೂ ಆಸೆ. ಕಲಿಸಿದ್ದು ಗಿರಣಿ. ಹಿಟ್ಟಿನ ಯಂತ್ರ ಸುರುವಾದರೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ದಿನಾ ಬರುವ ಹೆಂಗಸರು ಬಾಯಿ ಆಡಿಸಿಯೇ ಊರ ಸುದ್ದಿಯನ್ನೆಲ್ಲ ಮುಗಿಸುತ್ತಾರೆ. ಹುಡುಗಿ ಆ ಗದ್ದಲದಲ್ಲಿ ಕಿವಿಯ ಯಂತ್ರ ತೆಗೆದಿಟ್ಟು, ಹೋಮ್‌ವರ್ಕ್ ಮಾಡುತ್ತ, ನಡುನಡುವೆ ತಲೆಯೆತ್ತಿ ಎಲ್ಲರ ಗುಟ್ಟನ್ನೂ ನೋಡಿಕೊಳ್ಳುತ್ತಿದ್ದಳು. ಬೆಂಗಳೂರಿನ ಕನ್ನಡವನ್ನು ಟೀವಿ ಧಾರಾವಾಹಿಯ ತುಟಿಗಳಿಂದ ಕಲಿತಿದ್ದಳು.

ಏಳನೆಯ ತರಗತಿ ಮುಗಿಯಿತು. ಅವಳ ಗೆಳತಿಯರೆಲ್ಲ ಊರ ಪ್ರೌಢಶಾಲೆಗೆ ಹೊರಟರು. ಇವಳಿಗೆ ಅಲ್ಲಿಯ ಹೆಡ್‌ಮಾಸ್ತರು ಬೇಡವೆಂದರು. ಅಲ್ಲಿ ಸೇರದಿದ್ದರೆ ಹುಡುಗಿ ಗಿರಣಿಯಲ್ಲೇ ಉಳಿಯುವುದು ಖಾತ್ರಿ. ಅಜ್ಜಿ-ಮೊಮ್ಮಗಳಿಬ್ಬರನ್ನೂ ಕರೆದುಕೊಂಡು ನಾನು ಹೋದೆ.

"ಇಂಥಾ ಮಕ್ಕಳಿಗಿ ನಮ್ಮಲ್ಲಿ ವ್ಯವಸ್ಥಾ ಇಲ್ಲ," ಎಂದರು ಹೆಡ್‌ಮಾಸ್ತರು.

ಬೇಡ ಅನ್ನಲು ಕಾನೂನು ಬಿಡುವುದಿಲ್ಲ ಅಂದೆ.

"ಕಾನೂನ ಅದ ಸರ್, ನಾ ಎಲ್ಲಿ ಇಲ್ಲ ಅಂದೆ? ಅಕಿಗಿ ಪಾಠ ತಿಳಿಬೇಕಲ್ಲ," ಎಂದು ಹುಡುಗಿಯ ಕಡೆ ತಿರುಗಿ ಏನೋ ಪ್ರಶ್ನೆ ಕೇಳಿದರು. ಹುಡುಗಿ ಸುಮ್ಮನೆ ನಿಂತಳು. ಇನ್ನೂ ಗಟ್ಟಿಯಾಗಿ ಕೇಳಿದರು. ಹುಡುಗಿ ಅವರ ಮುಖವನ್ನೇ ನೋಡಿದಳು, ಬಗ್ಗಿ ನೋಡಿದಳು, ಕೊನೆಗೆ ಆಯಿಯ ಕಡೆ ತಿರುಗಿ ಸದ್ದಿಲ್ಲದೆ ತುಟಿ ಆಡಿಸಿದಳು.

"ಏನಂತಾಳ?" ಎಂದರು ಹೆಡ್‌ಮಾಸ್ತರು.

"ಮೀಸಿ ಅಡ್ಡ ಬರ್ಲಿಕತ್ತದಂತರಿ," ಎಂದಳು ಆಯಿ.

ಹೆಡ್‌ಮಾಸ್ತರ ಮೀಸೆ ಸಾಮಾನ್ಯದ್ದಲ್ಲ. ಎರಡು ತುಟಿಯನ್ನೂ ಮುಚ್ಚಿ ಗದ್ದದವರೆಗೆ ಇಳಿದಿತ್ತು. ಅವರು ಅದನ್ನು ಮುಟ್ಟಿ ನೋಡಿಕೊಂಡರು.

"ಇದು ನಮ್ಮ ಮನೆತನದ್ದು ಅದ. ನಮ್ಮ ಮುತ್ಯಾಗ ಇತ್ತು, ನಮ್ಮಪ್ಪಗ ಇತ್ತು. ಮ್ಯಾಲಿಂದ ಆದೇಶ ತರ್ರಿ, ಆಮ್ಯಾಲ ನೋಡೋಣ."

ಆದೇಶ ಹುಡುಗಿಗೋ ಮೀಸೆಗೋ ಎಂದು ಸ್ಪಷ್ಟಪಡಿಸಲಿಲ್ಲ.

ಸಹಾಯವಾಣಿ

ಮೇಲಿನ ಆದೇಶ ಯಾರಿಂದ ತರಬೇಕು? ದಾರಿ ತೋರಿಸುವ ನೌಕರಿಯವನಿಗೇ ದಾರಿ ಬೇಕಾಯಿತು. ಗಿರಣಿಯ ಬೆಂಚಿನ ಮೇಲೆ ಕೂತು, ಇಲಾಖೆ ಕೊಟ್ಟ ಫೋನಿನಿಂದ ಸಹಾಯವಾಣಿಗೆ ಹಚ್ಚಿದೆ. ಅವರು ವಿನಯದಿಂದ ಇನ್ನೊಂದು ನಂಬರ್ ಕೊಟ್ಟರು. ಅಲ್ಲಿಯವರು ಮತ್ತೊಂದು ಕೊಟ್ಟರು. ಅಲ್ಲಿಯ ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡು, "ಸರ್, ಇದಕ್ಕೆ ನಿಮ್ಮ ತಾಲೂಕಿನಲ್ಲೇ ಒಬ್ಬರು ಅಧಿಕಾರಿ ಇದ್ದಾರೆ. ಬರೆದುಕೊಳ್ಳಿ," ಎಂದಳು.

ಬರೆದುಕೊಂಡು ಹಚ್ಚಿದೆ. ಎಂಗೇಜ್. ಮತ್ತೆ ಹಚ್ಚಿದೆ. ಎಂಗೇಜ್. ಹೊಟ್ಟು ಕೊಡಹುತ್ತಿದ್ದ ಆಯಿ, "ಅದು ಯಾರ ನಂಬರ್ ನೋಡ್ರಿ ಮಾಸ್ತರ," ಎಂದಳು. ಶಿಕ್ಷಣ ಇಲಾಖೆಯವರೆಲ್ಲ ಅವಳಿಗೆ ಮಾಸ್ತರರೇ.

ನೋಡಿದೆ. ಇಲಾಖೆ ಕೊಟ್ಟ ಸಿಮ್. ನನ್ನದೇ.

ಆಯಿ ನಗಲೂ ಇಲ್ಲ. "ಬಿಡ್ರಿ, ಅಂವ ಫೋನ್ ಎತ್ತಲ್ಲ. ಅಂವ ಎಂಥಾವ ಅಂತ ನನಗ ಗೊತ್ತದ," ಎಂದಳು.

ತಪಾಸಣೆ

ಶಾಲೆ ಸುರುವಾಗುವ ಮುಂಚೆ ನಮ್ಮ ಕಚೇರಿಯ ತಪಾಸಣೆಗೆ ಮೇಲಿನ ಸಾಹೇಬರು ಬರುತ್ತಾರೆಂದು ತಿಳಿಯಿತು. ದಕ್ಷಿಣದವರು, ಹೊಸಬರು. ನಾನು ಮಹಡಿಯಲ್ಲಿ ಕುರ್ಚಿ ಒರೆಸಿ, ಬಿಸ್ಕಿಟ್ ಜೋಡಿಸಿ ಕಾದೆ. ಸಾಹೇಬರು ಬರಲಿಲ್ಲ. ಫೋನು ಬಂತು.

"ಮಾಸ್ತರ, ನಿಮ್ಮ ಸಾಹೇಬ ಇಲ್ಲಿ ಕುಂತಾನ. ಚಹಾ ಕುಡಿಸ್ಲಿಕತ್ತೀನಿ. ಲಗೂನ ಬರ್ರಿ," ಎಂದಳು ಆಯಿ.

ಡ್ರೈವರ್ ಫೋನಿನ ನಕಾಶೆ ನೋಡಿದ್ದ. ನಕಾಶೆ ಕಲ್ಲನ್ನು ನಂಬಿತ್ತು.

ನಾನು ಓಡಿಹೋದಾಗ ಕರೆಂಟ್ ಇರಲಿಲ್ಲ. ಗಿರಣಿ ಸುಮ್ಮನಿತ್ತು. ಬೆಂಚಿನ ತುಂಬ ಹೆಂಗಸರು, ಬಾಗಿಲ ಹೊರಗೂ ಹೆಂಗಸರು. ಡಬ್ಬಿಗಳೆಲ್ಲ ಒಳಕೋಣೆಯಲ್ಲಿ ಸಾಲಾಗಿದ್ದವು, ಕಾಣುತ್ತಿರಲಿಲ್ಲ. ಸಾಹೇಬರು ನಮ್ಮ ಹಳೆಯ ಟೇಬಲ್ಲಿನ ಹಿಂದೆ, ನಕಾಶೆಯ ಕೆಳಗೆ ಕೂತು ಜನಸಂಪರ್ಕ ನಡೆಸಿದ್ದರು.

"ಏನಮ್ಮಾ, ಎಲ್ಲರೂ ಯಾಕೆ ಕಾಯ್ತಿದ್ದೀರಿ?"

"ಕರೆಂಟ್ ಇಲ್ಲರಿ ಸಾಹೇಬ್ರ. ಬಂದ್ರ ಕೆಲಸ ಆಗ್ತದ," ಎಂದಳು ಒಬ್ಬಳು.

"ಇಲ್ಲಿ ಕೆಲಸ ಸರಿಯಾಗಿ ಮಾಡಿಕೊಡ್ತಾರಾ?"

"ಭಾಳ ಸಣ್ಣಗ ಮಾಡಿ ಕೊಡ್ತಾರ್ರಿ," ಎಂದಳು ಇನ್ನೊಬ್ಬಳು.

ಸಾಹೇಬರು ನನ್ನ ಕಡೆ ತಿರುಗಿ, "ಕೆಲಸದಲ್ಲಿ ಇಷ್ಟು ಸೂಕ್ಷ್ಮತೆ ನಾನು ಜಿಲ್ಲಾ ಮಟ್ಟದಲ್ಲೂ ಕಂಡಿಲ್ಲರೀ. ಇಷ್ಟು ಜನರ ವಿಶ್ವಾಸ! ಎಲ್ಲ ಕಚೇರಿಗಳೂ ನಿಮ್ಮ ಹಾಗಿರಬೇಕು," ಎಂದರು. ನಾನು ತಲೆ ಬಾಗಿಸಿದೆ. ಸತ್ಯ ಹೇಳಲು ಅದು ಹೊತ್ತಲ್ಲ.

ಆಯಿ ಸಮಯ ನೋಡಿ ಮೊಮ್ಮಗಳ ಸಂಗತಿ ಎತ್ತಿದಳು. ಸಾಹೇಬರು ಕೇಳಿದರು, ತಲೆಯಾಡಿಸಿದರು, "ಮಾಡೋಣಮ್ಮ, ಖಂಡಿತಾ ಮಾಡೋಣ," ಅಂದರು. ಆ ದನಿ ನನಗೆ ಗೊತ್ತು. ಅದರಿಂದ ಏನೂ ಆಗಿದ್ದಿಲ್ಲ.

ಆಗ ಕರೆಂಟ್ ಬಂತು.

ಒಳಗೆ ಆಳುಮಗ ಸ್ವಿಚ್ ಆನ್ ಮಾಡಿಯೇ ಬಿಟ್ಟಿದ್ದ. ಗಿರಣಿ ಗುಡುಗಿತು. ಹಿಟ್ಟಿನ ಮೋಡ ಬಾಗಿಲು ದಾಟಿ ಬಂದು ಸಾಹೇಬರ ಕೋಟಿನ ಮೇಲೆ ಇಳಿಯಿತು. ಅವರು ಗೋಡೆ ನೋಡಿದರು, ನನ್ನನ್ನು ನೋಡಿದರು, ತಮ್ಮ ತೋಳು ನೋಡಿದರು. ಆಮೇಲೆ ತಮ್ಮ ಜೊತೆ ಬಂದ ಗುಮಾಸ್ತನ ಕಡೆ ಬಾಗಿ ಏನೋ ಹೇಳಿದರು. ಪಕ್ಕದಲ್ಲೇ ಇದ್ದ ನನಗೆ ಒಂದಕ್ಷರ ಕೇಳಲಿಲ್ಲ.

ಎದುರಿನ ಮೂಲೆಯಲ್ಲಿ ಕಿವಿಯ ಯಂತ್ರ ಕೈಯಲ್ಲಿ ಹಿಡಿದು ನಿಂತಿದ್ದ ಹುಡುಗಿ ಆಯಿಯ ಕಡೆ ತಿರುಗಿ ತುಟಿ ಆಡಿಸಿದಳು. ಆಯಿ ಒಳಗೆ ಹೋದಳು. ಗಿರಣಿ ನಿಂತಿತು. ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಂಡಳು.

"ಸಾಹೇಬ್ರ, 'ಮುದುಕಿಗೆ ನೋಡೋಣ ಅಂತ ಹೇಳಿ ಸಾಗಹಾಕು, ಕಿವಿ ಕೇಳದ ಹುಡುಗಿ ಕ್ಲಾಸಿನಲ್ಲಿ ಕೂತು ಏನು ತಿಳ್ಕೊಳ್ತಾಳೆ' ಅಂದ್ರಿ ಅಂತ. ಮುದುಕಿ ಅಂದಿದ್ದು ಬಿಡ್ರಿ, ಅದು ಖರೇ ಅದ. ಉಳಿದದ್ದು ನನಗ ತಿಳಿಸಿ ಹೇಳ್ರಿ."

ಗುಮಾಸ್ತ ನೆಲ ನೋಡಿದ. ಸಾಹೇಬರು ಹಿಟ್ಟು ಮೆತ್ತಿದ ಮುಖದಲ್ಲೇ, "ಇದನ್ನ ಯಾರು ಹೇಳಿದ್ದು?" ಎಂದರು.

ಹುಡುಗಿ ತರಗತಿಯಲ್ಲಿ ಎತ್ತುವ ಹಾಗೆ ಕೈ ಎತ್ತಿದಳು. "ನಾನ್ರಿ."

ಸಾಹೇಬರು ಅವಳ ಕಡೆ ತಿರುಗಿ ನಿಂತರು. ಆಮೇಲೆ ದನಿ ತೆಗೆಯದೆ ಬರೀ ತುಟಿ ಆಡಿಸಿದರು. ನನಗೆ ಏನೂ ತಿಳಿಯಲಿಲ್ಲ.

"ಎಂಟನೇದಾಗ ಕಲಿತೀನಿ. ಈಗ ಗೊತ್ತಿಲ್ಲರಿ," ಎಂದಳು ಹುಡುಗಿ.

"ಏನು ಕೇಳಿದಿರಿ ಸರ್?" ಅಂದೆ.

"ಪೈಥಾಗೊರಸನ ಪ್ರಮೇಯ," ಎಂದರು ಸಾಹೇಬರು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಅಲ್ಲಿಂದಲೇ, ಎಲ್ಲ ಹೆಂಗಸರ ಎದುರಿಗೆ, ಹೆಡ್‌ಮಾಸ್ತರಿಗೆ ಫೋನು ಹಚ್ಚಿದರು. "ಹುಡುಗಿಯನ್ನ ಸೇರಿಸಿಕೊಳ್ಳಿ. ಮೊದಲನೇ ಬೆಂಚು. ಪಾಠ ಮಾಡುವಾಗ ಬಾಯಿ ಕಾಣೋ ಹಾಗೆ ನಿಂತ್ಕೊಳ್ಳಿ, ಅಷ್ಟೇ ಸಾಕು. ಅವಳಿಗೆ ಎಲ್ಲ ತಿಳಿಯುತ್ತೆ. ನಾವು ಹೇಳಬಾರದ್ದೂ ತಿಳಿಯುತ್ತೆ."

ಹೊರಡುವಾಗ ಕಲ್ಲಿನ ಬೋರ್ಡಿನ ಎದುರು ನಿಂತು, "ನಿಮ್ಮ ಕಚೇರಿ ನಿಜವಾಗಿ ಎಲ್ಲಿದೆ?" ಎಂದು ಕೇಳಿದರು. ಬಸ್ ಸ್ಟ್ಯಾಂಡ್ ಹಿಂದೆ ಅಂದೆ. "ಅಲ್ಲಿ ಎಷ್ಟು ಜನ ಬರ್ತಾರೆ?" ಅಂದರು. ಬೆರಳು ಮಡಿಚಿ ಎಣಿಸಿದೆ, ಒಂದೇ ಕೈ ಸಾಕಾಯಿತು. ಈಗ ಸೋಮವಾರ ಸೋಮವಾರ ನಾನು ಗಿರಣಿಯ ಟೇಬಲ್ಲಿನಲ್ಲೇ ಕೂರುತ್ತೇನೆ. ತುಟಿ ಓದುವುದನ್ನು ಕಲಿಯಲು ಪ್ರಯತ್ನಿಸಿದೆ. ಹುಡುಗಿ ನನ್ನನ್ನು ಫೇಲು ಮಾಡಿದ್ದಾಳೆ.

ಶಾಲೆ ಸುರುವಾದ ದಿನ ನಾನೂ ಆಯಿಯೂ ಅವಳನ್ನು ಬಿಡಲು ಹೋದೆವು. ಸಮವಸ್ತ್ರದಲ್ಲಿ ಅವಳು ಅಂಗಳದ ಆ ತುದಿಗೆ ಹೋಗಿ ಗೆಳತಿಯರ ಸಾಲಿನಲ್ಲಿ ನಿಂತಳು. ಯಾವುದಕ್ಕೂ ರೋಮಾಂಚನವಾಗದ ನಾನು ಕನ್ನಡಕ ತೆಗೆದು ಒರೆಸಿದೆ. ಧೂಳು ಇತ್ತು.

ಗೇಟಿನ ಹತ್ತಿರ ಯಾರೋ ಅಪರಿಚಿತರು ನಮಸ್ಕಾರ ಮಾಡಿದರು. ದನಿ ಕೇಳಿದ ಮೇಲೆ ಗುರುತು ಸಿಕ್ಕಿತು. ಹೆಡ್‌ಮಾಸ್ತರು. ಮೂಗಿನ ಕೆಳಗೆ ಗದ್ದದವರೆಗೆ ಖಾಲಿ ಬಯಲು.

"ಮೀಸಿ ಎಲ್ಲಿ ಹೋಯ್ತರಿ?" ಎಂದಳು ಆಯಿ.

ಹೆಡ್‌ಮಾಸ್ತರು ಅತ್ತ ಇತ್ತ ನೋಡಿ, ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಸಣ್ಣ ದನಿಯಲ್ಲಿ ಹೇಳಿದರು:

"ಮ್ಯಾಲಿಂದ ಆದೇಶ ಬಂದದ, ಆಯಿ."

ಅಂಗಳದ ಆ ತುದಿಯ ಸಾಲಿನಲ್ಲಿ ಒಬ್ಬಳೇ ಒಬ್ಬಳು ನಕ್ಕಳು.